ಮೂರು ರೆಕ್ಕೆ ಎಲ್ಲಿ ಹೋದವು

ನಮ್ಮ ದ್ವೀಪದೂರು ಲುಚಿತ್ಸದಲ್ಲಿ ಮರದ ದೋಣಿ ಒಂದು ಸಲ ಕೆಮ್ಮಿದರೆ ಸಾಕು, ಪಾದ್ರಿಗಳು ಬೆಂಕಿಪೊಟ್ಟಣ ಹುಡುಕಲು ಶುರುಮಾಡುತ್ತಾರೆ.

ಅವರದೇನೂ ತಪ್ಪಿಲ್ಲ. ಡಿಸೆಂಬರ್ ಆರಕ್ಕೆ ಸಂತ ನಿಕೋಲನ ಹಬ್ಬ. ಅವತ್ತು ಬೆಳಿಗ್ಗೆ ಇಗರ್ಜಿಯ ಮುಂದೆ ಒಂದು ಹಳೇ ದೋಣಿ ಉರಿಯಬೇಕು, ಅದರ ಬೂದಿ ಮುಂದೆ ಕಟ್ಟುವ ಹೊಸ ದೋಣಿಯ ಅಡಿಮರದೊಳಗೆ ಹೋಗಬೇಕು. ಅಜ್ಜನ ಕಾಲದಲ್ಲಿ ಸುಡಲು ದೋಣಿಗಳು ಸಾಲುಗಟ್ಟಿ ಕಾಯುತ್ತಿದ್ದವಂತೆ. ಈಗ ಊರ ತುಂಬ ಫೈಬರ್ ದೋಣಿ. ಫೈಬರ್ ಸುಟ್ಟರೆ ಸಂತನೇ ಮೂಗು ಮುಚ್ಚಿಕೊಂಡು ಇಗರ್ಜಿ ಬಿಟ್ಟು ಹೋಗುತ್ತಾನೆ. ಹಾಗಾಗಿ ಅಕ್ಟೋಬರ್ ಬಂತೆಂದರೆ ಹಬ್ಬದ ಸಮಿತಿಯವರು ಉಳಿದ ನಾಲ್ಕು ಮರದ ದೋಣಿಗಳ ಮೇಲೆ ಹದ್ದಿನ ಹಾಗೆ ಸುತ್ತು ಹಾಕುತ್ತಿರುತ್ತಾರೆ.

ಸಮಿತಿಯ ಅಧ್ಯಕ್ಷರು ನನ್ನ ಚಿಕ್ಕಪ್ಪ ಯೆರ್ಕೊ. ಬಂದರಿನ ಎದುರಿಗೇ ಅವರ ಹೋಟೆಲು. ಹೋಟೆಲಿನ ಬಾಗಿಲಲ್ಲಿ ಅವರದೇ ಒಂದು ಹಳೇ ಮರದ ದೋಣಿ ಇದೆ. ಅದರ ತುಂಬ ಮಣ್ಣು ಸುರಿದು ಕೆಂಪು ಹೂವಿನ ಗಿಡ ನೆಟ್ಟಿದ್ದಾರೆ. ಬೇಸಿಗೆಯಲ್ಲಿ ಬಂದ ಪರದೇಶದವರು ಅದರ ಪಕ್ಕ ನಿಂತು ಹಲ್ಲು ಕಿರಿದು ಫೋಟೋ ತೆಗೆಸಿಕೊಳ್ಳುತ್ತಾರೆ. ಆ ದೋಣಿ ಸಮಿತಿಯ ಕಣ್ಣಿಗೆ ಬೀಳುವುದಿಲ್ಲ. ನನ್ನದು ಬೀಳುತ್ತದೆ.

ನನ್ನದು ಅಂದರೆ ಅರ್ಧ ನನ್ನದು. 'ಫಿಲೋಮೆನಾ' ಅಜ್ಜ ಕೈಯಾರೆ ಕಟ್ಟಿದ ದೋಣಿ. ಅಜ್ಜ ಹೋದ ಮೇಲೆ ಅರ್ಧ ಚಿಕ್ಕಪ್ಪನಿಗೆ ಬಂತು, ಅರ್ಧ ನಮ್ಮಪ್ಪನಿಗೆ. ಅಪ್ಪ ಹೋದ ಮೇಲೆ ಆ ಅರ್ಧ ನನಗೆ. ಚಳಿಗಾಲವೆಲ್ಲ ಅದರಲ್ಲೇ ಗಾಳ ಹಾಕಿ ಬದುಕುವವನು ನಾನು. ಚಿಕ್ಕಪ್ಪನ ಯೋಚನೆ ಬೇರೆ. ಫಿಲೋಮೆನಾ ಸುಟ್ಟರೆ ಹಬ್ಬಕ್ಕೆ ದೋಣಿಯೂ ಆಯಿತು, ಹೋಟೆಲಿಗೆ ತಟ್ಟೆ ಹೊರುವವನೂ ಸಿಕ್ಕಿದ. ಆಗಸ್ಟಿನಿಂದ ಅವರ ಅಡುಗೆಮನೆಯ ಬಾಗಿಲ ಹಿಂದೆ ಇಸ್ತ್ರಿ ಮಾಡಿದ ಒಂದು ಬಿಳಿ ಅಂಗಿ ನೇತಾಡುತ್ತಿತ್ತು.

"ನಿನ್ನ ಅಳತೇದೇ ಕಣೋ ಲೋವ್ರೆ," ಎನ್ನುತ್ತಿದ್ದರು. "ಅವಸರ ಇಲ್ಲ. ಅಂಗಿ ಏನು ಓಡಿಹೋಗಲ್ಲ, ನಿನ್ನ ದೋಣಿ ಥರಾನೇ."

ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು.

ಆಗಸ್ಟಿನಲ್ಲಿ ಏನಾಗಿತ್ತು ಅಂದರೆ, ಆರು ಜನ ಪ್ರವಾಸಿಗಳನ್ನು ಕೂರಿಸಿಕೊಂಡು ಗಲೇಬ್ ನಡುಗಡ್ಡೆ ತೋರಿಸಲು ಹೊರಟಿದ್ದೆ. ಬಂದರು ದಾಟಿ ಕಾಲು ಮೈಲಿ ಹೋಗಿಲ್ಲ, ಇಂಜಿನ್ನಿನಿಂದ ಬಿಳೀ ಹೊಗೆ. ಚಿಕ್ಕಪ್ಪನೇ ತಮ್ಮ ಫೈಬರ್ ದೋಣಿ ತಂದು, ಹಗ್ಗ ಕಟ್ಟಿ, ಊರೆಲ್ಲ ನೋಡುವ ಹಾಗೆ ಎಳೆದುಕೊಂಡು ಬಂದರು. ಪಂಪು ಬಿಚ್ಚಿ ನೋಡಿದರೆ ಒಳಗಿನ ರಬ್ಬರ್ ಚಕ್ರಕ್ಕೆ ಆರು ರೆಕ್ಕೆ ಇರಬೇಕಾದಲ್ಲಿ ಮೂರೇ ಇದ್ದವು. ಕಡಲ ನೀರು ಎಳೆದು ಇಂಜಿನ್ ತಣ್ಣಗಿಡುವ ಚಕ್ರ ಅದು, ಅಂಗೈಗಿಂತ ಚಿಕ್ಕದು. ಏಪ್ರಿಲಿನಲ್ಲಷ್ಟೇ ಹಾಕಿದ್ದೆ. ಕೊಟ್ಟವರು ಬಾರ್ಬಾ ಪ್ರೊಷ್ಪೆರ್.

ಬಾರ್ಬಾ ಪ್ರೊಷ್ಪೆರ್ ಅಂದರೆ ಎಪ್ಪತ್ತೊಂದು ವರ್ಷದ ಮುದುಕರು; ಹಿರಿಯರನ್ನು ನಾವು ಬಾರ್ಬಾ ಅಂತಲೇ ಕರೆಯುವುದು. ಹಳೇ ಮೀನಿನ ಕಾರ್ಖಾನೆಯ ಹಿಂದೆ ಒಂದು ಗ್ಯಾರೇಜು. ಅಲ್ಲಿ ಎಲ್ಲ ಸಾಮಾನೂ ಹೆಸರಿಲ್ಲದ ಬಿಳಿ ಡಬ್ಬಿಯಲ್ಲಿ, ಡಬ್ಬಿಯ ಮೇಲೆ ಪೆನ್ಸಿಲಿನಲ್ಲಿ ಒಂದು ನಂಬರು. ಕಂಪನಿ ಮಾಲಿನ ಕಾಲು ಭಾಗ ಬೆಲೆ. ಊರಿನ ಅರ್ಧ ಜನ ಅವರ ಗಿರಾಕಿ, ಇನ್ನರ್ಧ ಜನ ಅವರ ಸಾಮಾನನ್ನು ಬೈದುಕೊಂಡೇ ಅವರ ಗಿರಾಕಿ.

ಅವತ್ತು ನಾನು ಆ ಮುರುಕು ಚಕ್ರ ಹಿಡಿದುಕೊಂಡು ಹೋಗಿ, ಬಂದರಿನ ಕಲ್ಲುಬೆಂಚಿನ ಮೇಲೆ ಕೂತ ಎಂಟು ಜನರ ಎದುರಿಗೆ ಬಾರ್ಬಾರ ಮುಖಕ್ಕೇ ಹೇಳಿದ್ದೆ. "ಇದು ರಬ್ಬರೋ ಒಣಗಿದ ಕೇಕೋ, ಬಾರ್ಬಾ? ಆರು ಜನ ಸಾಯ್ತಿದ್ರು. ಸಮುದ್ರಕ್ಕೆ ಎಸೀರಿ ನಿಮ್ಮ ಡೂಪ್ಲಿಕೇಟ್ ಅಂಗಡೀನ."

ಅವರು ಚಕ್ರ ತೆಗೆದುಕೊಂಡು, ಕನ್ನಡಕ ಹಣೆಗೇರಿಸಿ, ಹತ್ತಿರ ಹಿಡಿದು ನೋಡಿದರು. ಏನೋ ಕೇಳಲು ಬಾಯಿ ತೆರೆದರು. ನಾನು ಕೇಳಿಸಿಕೊಳ್ಳಲು ನಿಲ್ಲಲಿಲ್ಲ.

ಅಲ್ಲಿಂದ ನಾಲ್ಕು ತಿಂಗಳು ಕಲ್ಲುಬೆಂಚು ಎರಡು ಪಕ್ಷವಾಯಿತು. ಬೆಳಗಿನ ಕಾಫಿಗೆ ಒರಿಜಿನಲ್ ಪಕ್ಷ ಎಡಗಡೆ, ಲೋಕಲ್ ಪಕ್ಷ ಬಲಗಡೆ. "ಕಂಪನಿ ಮಾಲು ಅಂದ್ರೆ ಕಂಪನಿ ಮಾಲೇ." "ಹೂಂ, ನಿಮ್ಮತ್ತೆಯೂ ಕಂಪನಿ ಮಾಲೇ, ಏನ್ ಸುಖ ಬಂತು?" ಹೀಗೆ. ಫಿಲೋಮೆನಾ ಕಟ್ಟೆಗೆ ಕಟ್ಟಿಕೊಂಡು ಸುಮ್ಮನೆ ನಿಂತಿತ್ತು. ನಾನು ಬೇರೆಯವರ ದೋಣಿಯಲ್ಲಿ ಬಲೆ ಎಳೆಯುತ್ತಿದ್ದೆ. ಬಾರ್ಬಾ ಇನ್ನೊಂದು ಬಿಳಿ ಡಬ್ಬಿ ಪುಕ್ಕಟೆ ಕಳಿಸಿದರು, ಹದಿನೆಂಟು ಯೂರೋ ಮಾಲು. ನಾನು ವಾಪಸ್ ಕಳಿಸಿದೆ. ಹಾಕಿದರೆ ಕಂಪನಿಯದೇ ಹಾಕುವುದು ಅಂತ ಹಟ.

ನವೆಂಬರ್ ಕೊನೆಗೆ ಚಿಕ್ಕಪ್ಪ ಬೆಂಚಿನ ಮುಂದೆ ನಿಂತು ಇತ್ಯರ್ಥ ಹೇಳಿದರು. "ನೋಡು, ಊರಿನ ಪದ್ಧತಿ ಗೊತ್ತಲ್ಲ. ಹಬ್ಬದ ಹಿಂದಿನ ದಿನ ಮಧ್ಯಾಹ್ನದ ಗಂಟೆ ಮುಗಿಯೋದರೊಳಗೆ ತನ್ನ ಶಕ್ತಿಯಿಂದ ಗಲೇಬ್ ಸುತ್ತಿ ಬಂದ ದೋಣೀನ ಯಾರೂ ಮುಟ್ಟೋ ಹಾಗಿಲ್ಲ. ಫಿಲೋಮೆನಾ ಸುತ್ತಿ ಬಂದ್ರೆ ನನ್ನರ್ಧಾನೂ ನಿನಗೇ ಬರ್ಕೊಡ್ತೀನಿ. ಬರ್ಲಿಲ್ಲ ಅಂದ್ರೆ..."

"ಬರ್ಲಿಲ್ಲ ಅಂದ್ರೆ ಬಿಳಿ ಅಂಗಿ," ಎಂದೆ.

"ಜಾಣ."

ಸ್ಪ್ಲಿಟ್ ಪಟ್ಟಣದ ಗಾಜಿನ ಗೋಡೆಯ ಕಂಪನಿ ಅಂಗಡಿಗೆ ಫೋನ್ ಮಾಡಿದೆ. ಅಲ್ಲಿನ ಹುಡುಗಿ ಜೇನು ಸವರಿದ ದನಿಯಲ್ಲಿ ತೊಂಬತ್ನಾಲ್ಕು ಯೂರೋ ಅಂದಳು. ಒಂದು ರಬ್ಬರ್ ಚಕ್ರಕ್ಕೆ. "ಒರಿಜಿನಲ್ ಅಲ್ವಾ ಸರ್, ನಿಶ್ಚಿಂತೆಯಾಗಿರಬಹುದು." ನಾನು ಹಲ್ಲು ಕಡಿದು ಹೂಂ ಅಂದೆ. ಎರಡು ವಾರದ ಬಲೆ ಎಳೆದ ಕೂಲಿ.

ಆಮೇಲೆ ಯೂಗೊ ಬೀಸಿತು. ಯೂಗೊ ಅಂದರೆ ದಕ್ಷಿಣದ ಗಾಳಿ. ಅದು ಬೀಸುವಷ್ಟು ದಿನ ಗೋಡೆಯೆಲ್ಲ ಬೆವರುತ್ತದೆ, ಗಂಡಹೆಂಡಿರು ಜಗಳವಾಡುತ್ತಾರೆ, ಹಡಗು ಬರುವುದಿಲ್ಲ. ಮೂರು ದಿನ ಹಡಗಿಲ್ಲ. ಮೂರು ದಿನವೂ ಚಿಕ್ಕಪ್ಪ ಇಗರ್ಜಿಯ ಅಂಗಳದಲ್ಲಿ ದೋಣಿ ಸುಡುವ ಜಾಗ ಅಳೆಯುತ್ತಿದ್ದರು. ಫಿಲೋಮೆನಾದ ಉದ್ದಕ್ಕೆ ಸರಿಯಾಗಿ.

ಐದನೇ ತಾರೀಕು ಬೆಳಿಗ್ಗೆ ಎಂಟೂವರೆಗೆ ಹಡಗು ಬಂತು. ಡಬ್ಬಿ ಇಳಿಯಿತು. ಡಬ್ಬಿ ಅಂದರೆ ಡಬ್ಬಿ! ಬೆರಳಿನಿಂದ ತಟ್ಟಿದರೆ ಬಾಗಿಲು ತಟ್ಟಿದ ಸದ್ದು. ದಪ್ಪ ನುಣುಪು ರಟ್ಟು, ಮೇಲೆ ನೀಲಿ ಅಕ್ಷರದಲ್ಲಿ ಕಂಪನಿಯ ಹೆಸರು. ನಮ್ಮೂರಲ್ಲಿ ಮದುವೆ ಉಂಗುರಕ್ಕೂ ಅಂಥ ಡಬ್ಬಿ ಸಿಗುವುದಿಲ್ಲ. ಬೆಂಚಿನ ಎಡಪಕ್ಷದವರು ಕೈಯಿಂದ ಕೈಗೆ ಸಾಗಿಸಿ ನೋಡಿದರು, ಶಿಶುವನ್ನು ನೋಡುವ ಹಾಗೆ.

ದೋಣಿಗಿಳಿದು ಹೊಸ ಚಕ್ರ ಹಾಕಿದೆ. ಒಂಬತ್ತೂವರೆ. ಇಂಜಿನ್ ಶುರುಮಾಡಿದೆ. ನಾಲ್ಕು ತಿಂಗಳ ಮೇಲೂ ಫಿಲೋಮೆನಾ ಮೊದಲ ಸಲಕ್ಕೇ ಎದ್ದಿತು, ಟಕ ಟಕ ಟಕ. ಎಡಪಕ್ಷ ಚಪ್ಪಾಳೆ ಹೊಡೆಯಿತು.

ಹೊಗೆಕೊಳವೆ ನೋಡಿದೆ. ಇಂಜಿನ್ ತಣಿಸಿದ ನೀರನ್ನು ಅದು ಧಾರಾಕಾರವಾಗಿ ಉಗುಳಬೇಕು. ಅದು ಮುದುಕರು ಉಚ್ಚೆ ಹೊಯ್ದ ಹಾಗೆ ತೊಟ್ಟಿಕ್ಕುತ್ತಿತ್ತು. ಬಿಸಿಯ ಮುಳ್ಳು ಏರತೊಡಗಿತು. ಎಂಬತ್ತು. ತೊಂಬತ್ತು. ನೂರು ಮುಟ್ಟುವಾಗ ಬಂದ್ ಮಾಡಿದೆ.

ಬೆಂಚಿನ ಎಡಪಕ್ಷದವರು ಕಾಫಿ ಲೋಟದೊಳಗೆ ಇಣುಕಿದರು. ಬಲಪಕ್ಷದವರು ಗೇಲಿಯನ್ನೂ ಮಾಡಲಿಲ್ಲ. ಅದೇ ಜಾಸ್ತಿ ಉರಿಯಿತು.

ಚಿಕ್ಕಪ್ಪ ಹೋಟೆಲಿನ ಬಾಗಿಲಲ್ಲಿ ಹೂಗಿಡಕ್ಕೆ ನೀರು ಹಾಕುತ್ತಾ ನಿಂತಿದ್ದರು. "ತೊಂಬತ್ನಾಲ್ಕು ಯೂರೋ," ಎಂದರು, ಗಿಡಕ್ಕೆ ಹೇಳುವ ಹಾಗೆ.

ಪಂಪು ಮತ್ತೆ ಬಿಚ್ಚಿದೆ. ಚಕ್ರ ಸರಿಯಾಗಿಯೇ ಇತ್ತು. ಅಂಗಡಿಗೆ ಫೋನ್ ಮಾಡಿದೆ. ಜೇನಿನ ಹುಡುಗಿ ಹೇಳಿದಳು, ಹಾಗಾದರೆ ಪೂರಾ ಪಂಪೇ ಬದಲಿಸಬೇಕು ಸರ್, ಎಂಟು ಕೆಲಸದ ದಿನ ಆಗುತ್ತೆ. ಫೋನ್ ಸಮುದ್ರಕ್ಕೆ ಎಸೆಯಲು ಕೈ ಎತ್ತಿದೆ.

"ಅದೂ ಕಂಪನಿ ಮಾಲೇನೋ? ಎಸೀಬೇಡ," ಎಂದಿತು ಒಂದು ದನಿ.

ಬಾರ್ಬಾ ಪ್ರೊಷ್ಪೆರ್ ಕಟ್ಟೆಯ ಮೇಲೆ ನಿಂತಿದ್ದರು. ಒಂದು ಕೈಯಲ್ಲಿ ಹಳೇ ಬಿಸ್ಕತ್ತಿನ ಟಿನ್ನು, ಅದರೊಳಗೆ ಸಾಮಾನು.

"ನೀವ್ಯಾಕೆ ಬಂದ್ರಿ? ನಗೋಕಾ?"

"ನಗೋಕೆ ಅಲ್ಲೇ ಬೆಂಚಿದೆ, ಇಲ್ಲಿತನಕ ಯಾಕೆ ಬರ್ಲಿ. ಒಂದು ಮಾತು ಕೇಳಿ ಹೋಗ್ತೀನಿ. ಆಗಸ್ಟಲ್ಲೇ ಕೇಳೋಣ ಅಂದ್ಕೊಂಡೆ, ನಿನಗೆ ಪುರುಸೊತ್ತಿರ್ಲಿಲ್ಲ." ಅವರು ನಿಧಾನಕ್ಕೆ ದೋಣಿಗಿಳಿದರು. "ಆ ಚಕ್ರಕ್ಕೆ ಎಷ್ಟು ರೆಕ್ಕೆ ಇರತ್ತೆ?"

"ಆರು."

"ನಿನ್ನ ಕೈಗೆ ಸಿಕ್ಕಿದ್ದೆಷ್ಟು?"

"ಮೂರು."

"ಮಿಕ್ಕ ಮೂರು ಎಲ್ಲಿಗೆ ಹೋದ್ವು? ರೆಕ್ಕೆ ಇದೆ ಅಂತ ಹಾರಿಹೋದ್ವಾ?"

ನಾಲ್ಕು ತಿಂಗಳು. ಊರಿಗೆ ಊರೇ ಕೂತು ಒರಿಜಿನಲ್ಲೋ ಲೋಕಲ್ಲೋ ಅಂತ ಗಂಟಲು ಹರಿದುಕೊಂಡಿತ್ತು. ಕಳೆದುಹೋದ ತುಂಡು ಎಲ್ಲಿ ಅಂತ ಒಬ್ಬನಾದರೂ ಕೇಳಿರಲಿಲ್ಲ. ಕೇಳಬೇಕಾಗಿದ್ದವನು ನಾನು.

"ಕೂಲರ್ ಬಿಚ್ಚು," ಎಂದರು.

ಕೂಲರ್ ಅಂದರೆ ಇಂಜಿನ್ನಿನ ಪಕ್ಕದಲ್ಲಿ ಮಲಗಿರುವ ಹಿತ್ತಾಳೆಯ ಉರುಳೆ. ಒಳಗೆ ಪೆನ್ಸಿಲಿನಷ್ಟು ಸಣ್ಣ ಕೊಳವೆಗಳು ಜೇನುಗೂಡಿನ ಹಾಗೆ. ಪಂಪಿನಿಂದ ಬಂದ ಕಡಲ ನೀರು ಅದರ ಮೂಲಕವೇ ಹೋಗಬೇಕು. ಮುಚ್ಚಳದ ಆರು ಬೋಲ್ಟು ಬಿಚ್ಚಿದೆ. ಮುಚ್ಚಳ ಎಳೆದಾಗ, ನೀರು ಸೋರದಂತೆ ನಡುವೆ ಕೂರಿಸಿದ್ದ ಹಳೇ ಕಾಗದದ ಗ್ಯಾಸ್ಕೆಟ್ಟು ಹಪ್ಪಳದ ಹಾಗೆ ಪುಡಿಯಾಯಿತು. ಒಳಗೆ ಕೊಳವೆಗಳ ಬಾಯಿಗೆ ಅಡ್ಡಡ್ಡ ಅಂಟಿಕೊಂಡು ಮೂರು ಕಪ್ಪು ರೆಕ್ಕೆ ಕೂತಿದ್ದವು.

ಬಾರ್ಬಾ ಇಕ್ಕಳದಿಂದ ಒಂದೊಂದಾಗಿ ತೆಗೆದು ಹಲಗೆಯ ಮೇಲೆ ಸಾಲಾಗಿ ಇಟ್ಟರು. ಕನ್ನಡಕ ಹಣೆಗೇರಿತು. ಒಂದನ್ನು ನನ್ನ ಅಂಗೈಗೆ ಹಾಕಿದರು. "ಅಂಚು ಸವರಿ ನೋಡು."

ಸವರಿದೆ. ಹರಿದ ರಬ್ಬರು ಗರಗಸದ ಹಾಗೆ ತರಿತರಿ ಇರುತ್ತದೆ. ಇದು ಗಾಜಿನ ಹಾಗೆ ನುಣುಪಾಗಿ ಹೊಳೆಯುತ್ತಿತ್ತು. ಸುಟ್ಟು ಕರಗಿದ ಅಂಚು. ನೀರಿಲ್ಲದೆ ಒಣಗಿ ತಿರುಗಿದ ಚಕ್ರ.

"ಆ ವಾರ ಯೂಗೊ ಬೀಸಿತ್ತಲ್ಲ," ಎಂದರು, ಇಕ್ಕಳ ಒರೆಸುತ್ತಾ.

ಬೀಸಿತ್ತು. ಯೂಗೊ ಬೀಸಿದಾಗ ಬಂದರಿನ ತುಂಬ ಕಡಲಹುಲ್ಲು ಬಂದು ತುಂಬಿಕೊಳ್ಳುತ್ತದೆ. ಆಗ ನಮ್ಮೂರಲ್ಲಿ ಎಲ್ಲರೂ ದೋಣಿಗೆ ಹೋಗಿ ನೀರೆಳೆಯುವ ವಾಲ್ವು ಮುಚ್ಚಿ ಬರುತ್ತಾರೆ, ಹುಲ್ಲು ಒಳಗೆ ಹೋಗದಿರಲಿ ಅಂತ. ಮುಚ್ಚಿದವರು ಕೈಗೆ ಹಗ್ಗದ ತುಂಡು ಕಟ್ಟಿಕೊಳ್ಳುತ್ತಾರೆ, ತೆಗೆಯುವುದು ಮರೆಯದಿರಲಿ ಅಂತ. ಅಜ್ಜ ಕಟ್ಟಿಕೊಳ್ಳುತ್ತಿದ್ದ. ನಾನು ಕಟ್ಟಿಕೊಳ್ಳುವುದಿಲ್ಲ. ಮುದುಕರ ಕೆಲಸ ಅದು. ಅವತ್ತು ಆರು ಜನ ಕಟ್ಟೆಯ ಮೇಲೆ ಕಾಯುತ್ತಿದ್ದರು, ಅವರಲ್ಲಿ ಇಬ್ಬರು ಹುಡುಗಿಯರು. ನಾನು ಎದೆಯುಬ್ಬಿಸಿ ಹಾರಿ ಬಂದು ಇಂಜಿನ್ ಶುರುಮಾಡಿದ್ದೆ. ಹೊಗೆ ಎದ್ದ ಮೇಲೆ ಗಾಬರಿಯಲ್ಲಿ ಸಿಕ್ಕಿದ್ದನ್ನೆಲ್ಲ ತಿರುವಿದ್ದೆ, ಆ ವಾಲ್ವನ್ನೂ. ಅದು ಮುಚ್ಚಿತ್ತೋ ತೆರೆದಿತ್ತೋ ಅಂತ ಆಮೇಲೆ ಒಂದು ದಿನವೂ ನನ್ನನ್ನು ನಾನು ಕೇಳಿಕೊಳ್ಳಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ನೆಲ ಮಾರಿದವರ ಮಾನ ತೆಗೆದು ಬಂದಿದ್ದೆ.

"ಬಾರ್ಬಾ, ನಿಮಗೆ ಅವತ್ತೇ ಗೊತ್ತಾಯ್ತಲ್ವಾ?"

"ಅನುಮಾನ ಬಂತು."

"ಮತ್ತೆ ನಾಲ್ಕು ತಿಂಗಳು ಯಾಕೆ ಸುಮ್ನಿದ್ರಿ? ಬೆಂಚಿನ ಮೇಲೆ ಒಂದು ಮಾತು ಹೇಳಿದ್ರೆ ಮುಗೀತಿತ್ತು."

"ಹೇಳಿದ್ರೆ ಯೆರ್ಕೊ ಏನಂತಿದ್ದ? ದೋಣಿ ನಡೆಸೋಕೆ ಬರಲ್ಲ ಇವನಿಗೆ, ಕೊಡಿ ಅಂಗಿ ಅಂತಿದ್ದ. ನನ್ನ ಡಬ್ಬಿ ಬೈಸ್ಕೊಂಡ್ರೆ ನನಗೇನೂ ಹೋಗಲ್ಲ. ಮೂವತ್ತು ವರ್ಷದಿಂದ ಬೈಸ್ಕೊಳ್ತಿದೆ, ಅದಕ್ಕೂ ಅಭ್ಯಾಸ ಆಗಿದೆ." ಅವರು ಹೊಸ ಚಕ್ರವನ್ನು ಪಂಪಿನಿಂದ ಎಳೆದು, ಟಿನ್ನಿನಿಂದ ಒಂದು ಬಿಳಿ ಡಬ್ಬಿಯ ಚಕ್ರ ತೆಗೆದು ಪಕ್ಕದಲ್ಲಿಟ್ಟರು. ಎರಡರ ಹೊಟ್ಟೆಯ ಮೇಲೂ ಅಚ್ಚಿನಲ್ಲಿ ಒತ್ತಿದ ಒಂದೇ ಪುಟ್ಟ ನಕ್ಷತ್ರ, ಒಂದೇ ನಂಬರು.

ನಾನು ತಿರುಗಿಸಿ ತಿರುಗಿಸಿ ನೋಡಿದೆ.

"ಹೂಂ. ಒಂದೇ ತಾಯಿ ಮಕ್ಕಳು," ಎಂದರು. "ಒಬ್ಬ ಕೋಟು ಹಾಕ್ಕೊಂಡಿದಾನೆ. ಎಲ್ಲ ಸಾಮಾನೂ ಹೀಗಲ್ಲ, ಮತ್ತೆ ಬಂದು ಜಗಳ ಆಡ್ಬೇಡ. ಕೆಲವು ಲೋಕಲ್ ಮಾಲು ನಾನೇ ಮುಟ್ಟಲ್ಲ. ನೋಡಿ ತಗೋಬೇಕು, ಅಷ್ಟೆ."

ತೊಂಬತ್ನಾಲ್ಕರಿಂದ ಹದಿನೆಂಟು ಕಳೆದು ನನಗೆ ಕೂಗಬೇಕು ಅನ್ನಿಸಿತು. ಆದರೆ ಯಾರ ಮೇಲೆ ಕೂಗುವುದು ಅಂತ ತಿಳಿಯಲಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ ನನ್ನ ಕೋಪಕ್ಕೆ ಗಿರಾಕಿ ಸಿಗಲಿಲ್ಲ.

"ಟೈಮೆಷ್ಟು?" ಎಂದರು ಬಾರ್ಬಾ.

"ಹತ್ತೂ ಮುಕ್ಕಾಲು."

"ಗ್ಯಾಸ್ಕೆಟ್ ಬೇಕಲ್ಲ ಈಗ."

"ನಿಮ್ಮ ಹತ್ರ ಅದರ ಹಾಳೆ ಇಲ್ವಾ?"

"ಮುಗಿದಿದೆ. ಇವತ್ತಿನ ಹಡಗಲ್ಲಿ ನಿನ್ನ ಡಬ್ಬಿ ಬಂತು, ನನ್ನ ಹಾಳೆ ಬರ್ಲಿಲ್ಲ." ಅವರು ಸುತ್ತ ಕಣ್ಣಾಡಿಸಿದರು. ಹಾಲಿನ ಪೊಟ್ಟಣ ಮುಟ್ಟಿ ನೋಡಿದರು, ತೆಳುವಾಯಿತು. ಹಬ್ಬದ ಭಿತ್ತಿಪತ್ರ ನೋಡಿದರು, ಒದ್ದೆಯಾಗಿತ್ತು. ಆಮೇಲೆ ಅವರ ಕಣ್ಣು ಕಂಪನಿಯ ಡಬ್ಬಿಯ ಮೇಲೆ ನಿಂತಿತು. ಎತ್ತಿಕೊಂಡು ಬೆರಳಿನಿಂದ ತಟ್ಟಿದರು. ಬಾಗಿಲು ತಟ್ಟಿದ ಸದ್ದು.

"ನಾನೇನೋ ಸುಮ್ನೆ ಬೈತಿದ್ದೆ," ಎಂದರು. "ಎಂಥಾ ಒಳ್ಳೇ ಮಾಲು."

ಡಬ್ಬಿಯನ್ನು ಬಿಡಿಸಿ ಹಾಳೆ ಮಾಡಿದರು. ಕೂಲರಿನ ಬಾಯಿಯ ಮೇಲಿಟ್ಟು, ಗುಂಡುತಲೆಯ ಸುತ್ತಿಗೆಯಿಂದ ಅಂಚಿನ ಸುತ್ತ ಮೆಲ್ಲಗೆ ಟುಕು ಟುಕು ಬಡಿಯುತ್ತಾ ಹೋದರು. ಕತ್ತರಿ ಇಲ್ಲ, ಅಳತೆ ಇಲ್ಲ. ಹಿತ್ತಾಳೆಯ ಅಂಚೇ ರಟ್ಟನ್ನು ಕತ್ತರಿಸಿತು. ಒಂದು ಪೂರಾ ಸುತ್ತು ಬಂದು, ಆರು ಬೋಲ್ಟಿನ ತೂತೂ ಬಿದ್ದು, ನೀಲಿ ಅಕ್ಷರದ ಉಂಗುರವೊಂದು ಕೈಗೆ ಬಂತು. ಎರಡೂ ಕಡೆ ಗ್ರೀಸು ಹಚ್ಚಿ ಕೂರಿಸಿದೆವು. ಬೋಲ್ಟು ಬಿಗಿದೆ. ಚಕ್ರ ಮರಳಿ ಹಾಕಿದೆ. ವಾಲ್ವು ತೆರೆದಿದೆಯಾ ಅಂತ ನೋಡಿದೆ. ಇನ್ನೊಂದು ಸಲ ನೋಡಿದೆ.

ಟಕ ಟಕ ಟಕ. ಹೊಗೆಕೊಳವೆ ಒಂದು ಸಲ ಗೊರಗುಟ್ಟಿ, ಕುದುರೆ ಹೊಯ್ದ ಹಾಗೆ ನೀರು ಸುರಿಯಿತು.

ಹನ್ನೊಂದು ಇಪ್ಪತ್ತು. ಗಲೇಬ್ ಸುತ್ತಿ ಬರಲು ಫಿಲೋಮೆನಾಗೆ ನಲವತ್ತು ನಿಮಿಷ ಬೇಕು, ಕಡಲು ಸುಮ್ಮನಿದ್ದರೆ. ಯೂಗೊ ಇಳಿದಿತ್ತು, ಅದರ ಅಲೆ ಇಳಿದಿರಲಿಲ್ಲ. "ನಾನಿಳೀಲಾ?" ಎಂದರು ಬಾರ್ಬಾ. "ಕೂತ್ಕೊಳ್ಳಿ," ಎಂದೆ. ಕಟ್ಟೆಯ ಹಗ್ಗ ಬಿಚ್ಚಿದೆ.

ದಾರಿಯುದ್ದಕ್ಕೂ ನಾನು ಮುಳ್ಳು ನೋಡುತ್ತಿದ್ದೆ, ಅವರು ಕೂಲರು ನೋಡುತ್ತಿದ್ದರು. ಎಪ್ಪತ್ತು. ಎಪ್ಪತ್ತೆರಡು. ನಡುಗಡ್ಡೆಯ ಹಿಂಬದಿಯಲ್ಲಿ ಒಂದು ದೊಡ್ಡ ಅಲೆ ಅಡ್ಡ ಬಂದು ಇಬ್ಬರನ್ನೂ ಮೀಯಿಸಿತು. ಆಗಲೇ ಮುಚ್ಚಳದ ಕೆಳಗೆ ಒಂದು ಹನಿ ಕಾಣಿಸಿಕೊಂಡಿತು. ಬಾರ್ಬಾ ಸ್ಪ್ಯಾನರ್ ತೆಗೆದು ಬೋಲ್ಟಿಗೆ ಕಾಲು ಸುತ್ತು ಕೊಟ್ಟರು. ಹನಿ ನಿಂತಿತು.

"ಬಾರ್ಬಾ," ಎಂದೆ, ಚುಕ್ಕಾಣಿಯ ಕಡೆ ಮುಖ ಮಾಡಿ. "ಆಗಸ್ಟಲ್ಲಿ ಹೇಳಿದ ಮಾತು. ಬೆಂಚಿನ ಮುಂದೆ ನಿಂತು ವಾಪಸ್ ತಗೋತೀನಿ."

"ಜೋರಾಗಿ ಹೇಳು ಮತ್ತೆ. ಬಲಗಡೆ ಕೂತೋರಿಗೆ ಕಿವಿ ಮಂದ."

ಬಂದರಿನ ಬಾಯಿಗೆ ಬರುವಾಗ ಮಧ್ಯಾಹ್ನದ ಗಂಟೆ ಶುರುವಾಯಿತು. ಇಡೀ ಬೆಂಚು ಎದ್ದು ನಿಂತಿತ್ತು. ಎಡವೂ ಇಲ್ಲ, ಬಲವೂ ಇಲ್ಲ, ಎಲ್ಲ ಕಲಸಿಹೋಗಿದ್ದರು. ಚಿಕ್ಕಪ್ಪ ಕೈಗಡಿಯಾರ ತೋರಿಸುತ್ತಾ, "ಹನ್ನೆರಡಾಯ್ತು, ಆಯ್ತು" ಎನ್ನುತ್ತಿದ್ದರು. ಪಾದ್ರಿಗಳು ಬೆರಳೆತ್ತಿ ಲೆಕ್ಕ ಹಾಕುತ್ತಿದ್ದರು. "ಗಂಟೆ ಮುಗಿಯೋದರೊಳಗೆ ಅಂತ ಅಲ್ವಾ ಪದ್ಧತಿ, ಯೆರ್ಕೊ? ಇದು ಒಂಬತ್ತನೇ ಪೆಟ್ಟು." ಹತ್ತನೇ ಪೆಟ್ಟಿಗೆ ಫಿಲೋಮೆನಾದ ಮೂಗು ಕಟ್ಟೆಗೆ ತಾಗಿತು. ಹನ್ನೊಂದಕ್ಕೆ ಹಗ್ಗ ಎಸೆದೆ. ಹನ್ನೆರಡನೆಯದು ಬೀಳುವಾಗ ಚಿಕ್ಕಪ್ಪನೇ ಅದನ್ನು ಹಿಡಿದುಕೊಂಡು ನಿಂತಿದ್ದರು, ಅಭ್ಯಾಸಬಲ.

ನಾನು ಬೆಂಚಿನ ಮುಂದೆ ನಿಂತೆ. "ಕೇಳಿ ಎಲ್ಲರೂ. ಆಗಸ್ಟಲ್ಲಿ ವಾಲ್ವು ಮುಚ್ಚಿತ್ತು. ಮುಚ್ಚಿದ್ದು ನಾನು, ತೆಗೆಯೋಕೆ ಮರೆತಿದ್ದೂ ನಾನು. ಬಾರ್ಬಾನ ಮಾಲು ಸರಿಯಾಗಿತ್ತು." ಜೋರಾಗಿಯೇ ಹೇಳಿದೆ. ಯಾರೋ ಬಲಗಡೆಯಿಂದ "ಏನಂದ?" ಎಂದರು. ಮತ್ತೊಮ್ಮೆ ಹೇಳಿದೆ. ಎರಡನೇ ಸಲ ಕಷ್ಟ ಜಾಸ್ತಿ.

ಚಿಕ್ಕಪ್ಪನ ಮುಖ ನೋಡುವ ಹಾಗಿತ್ತು. "ವಾಲ್ವು ತೆಗೆಯೋಕೆ ಬರದಿದ್ದೋನಿಗೆ ದೋಣಿ ಬರ್ಕೊಡ್ಬೇಕಾ ನಾನು?"

"ಮಾತು ಅಂದ್ರೆ ಮಾತು ಕಣ್ರೀ," ಎಂದರು ಹೋಟೆಲಿನ ಬಾಗಿಲಿನಿಂದ ಚಿಕ್ಕಮ್ಮ ಪೆರೀನಾ, ಕೈಯ ಹಿಟ್ಟು ಒರೆಸಿಕೊಳ್ಳುತ್ತಾ.

"ಆದ್ರೆ ನಾಳೆ ಸುಡೋದೇನು? ಸಂತನ ಮುಂದೆ ಬರಿಗೈಲಿ ನಿಲ್ಲೋದಾ?"

ಚಿಕ್ಕಮ್ಮ ಬಾಗಿಲ ಪಕ್ಕದ ಹೂವಿನ ದೋಣಿಯಿಂದ ಒಂದು ಗಿಡವನ್ನು ಬೇರುಸಹಿತ ಕಿತ್ತು ಕುಂಡಕ್ಕೆ ಇಟ್ಟರು. ಆಮೇಲೆ ಇನ್ನೊಂದು. "ಹತ್ತು ವರ್ಷದಿಂದ ಹೇಳ್ತಿದೀನಿ, ಇದರಡಿ ಇಲಿ ಮರಿ ಹಾಕುತ್ತೆ ಅಂತ," ಎಂದರು. ಪಾದ್ರಿಗಳು ಆಗಲೇ ಅದರ ಉದ್ದ ಅಳೆಯುತ್ತಿದ್ದರು.

ಚಿಕ್ಕಪ್ಪ ಬಂದು ಫಿಲೋಮೆನಾದೊಳಗೆ ಬಗ್ಗಿ ನೋಡಿದರು. ಕೂಲರಿನ ಮುಚ್ಚಳದ ಸುತ್ತ ಎದ್ದುಕಾಣುವ ನೀಲಿ ಅಂಚು, ಕಂಪನಿಯ ಹೆಸರಿನ ಅರ್ಧ ಅಕ್ಷರಗಳು.

"ಓಹೋ. ಗ್ಯಾಸ್ಕೆಟ್ಟೂ ಒರಿಜಿನಲ್ಲೇ ಹಾಕ್ಸಿದೀಯ," ಎಂದರು.

"ಹೂಂ ಚಿಕ್ಕಪ್ಪ," ಎಂದೆ. "ತೊಂಬತ್ನಾಲ್ಕು ಯೂರೋ."

ಬಾರ್ಬಾ ಬಿಸ್ಕತ್ತಿನ ಟಿನ್ನು ಮುಚ್ಚಿ ಕಟ್ಟೆಯ ಮೇಲೆ ಹತ್ತಿದರು. ಹೋಗುವ ಮೊದಲು ತಿರುಗಿ, ಜೇಬಿನಿಂದ ಒಂದು ಗೇಣುದ್ದ ಹಗ್ಗದ ತುಂಡು ತೆಗೆದು ನನ್ನ ಕಡೆಗೆಸೆದರು. ನಾನು ಅಲ್ಲೇ, ಎಲ್ಲರೂ ನೋಡುತ್ತಿರುವಾಗಲೇ, ಎಡಗೈ ಮಣಿಕಟ್ಟಿಗೆ ಕಟ್ಟಿಕೊಂಡೆ. ಹಲ್ಲಿನಿಂದ ಗಂಟು ಬಿಗಿದೆ.